ಗೇಮ್‌ಬಾಯ್ ಗಾನಮೀಮಾಂಸೆ: ಸೂತ್ರ ಮತ್ತು ಸ್ವಂತ ಭಾಷ್ಯ

ಆಡಲೆಂದು ಮಾಡಿದ ಯಂತ್ರವನ್ನು ಹಿಡಿದು ಹಾಡಿಸುವುದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯನ್ನು ನಮ್ಮ ಷಡ್ದರ್ಶನಗಳಲ್ಲಿ ಒಂದೂ ಎತ್ತಿಲ್ಲ. ಮೂವರು ಮತಾಚಾರ್ಯರೂ ಈ ವಿಷಯದಲ್ಲಿ ಒಮ್ಮತದಿಂದ ಮೌನವಾಗಿದ್ದಾರೆ. ಹಾಗಾಗಿ ಈ ಭಾರ ಪ್ರಸ್ತುತ ಲೇಖಕನ ಹೆಗಲಿಗೆ ಬಂದಿದೆ. ಸೂತ್ರಕಾರನೂ ಭಾಷ್ಯಕಾರನೂ ಟೀಕಾಕಾರನೂ ಒಬ್ಬನೇ ಆದ್ದರಿಂದ ಪಾಠಾಂತರದ ಭಯವಿಲ್ಲ. ಪೂರ್ವಪಕ್ಷಕ್ಕೆ ಮಾತ್ರ ಹೊರಗಿನವರೇ ಬೇಕೆಂದು ಸೋದರಳಿಯನನ್ನು ಕರೆಸಲಾಯಿತು.

ಅವನು ಬಂದವನೇ, "ಮಾಮ, ಹಾಡು ಕೇಳೋಕೆ ಫೋನ್ ಇದೆಯಲ್ಲ?" ಎಂದ. ಈ ಆಕ್ಷೇಪವನ್ನು ಅಡಿಟಿಪ್ಪಣಿಗೆ ಇಳಿಸಲಾಗಿದೆ. ಈ ಪ್ರಬಂಧಕ್ಕೆ ಅಡಿಟಿಪ್ಪಣಿಗಳಿಲ್ಲ.

ಸೂತ್ರ 1: ಸಗೋತ್ರರಾದರೂ ದಾಯ ಸಮವಲ್ಲ.

ಭಾಷ್ಯ: 2001ರ ಮಾರ್ಚ್ 21ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಗೇಮ್‌ಬಾಯ್ ಅಡ್ವಾನ್ಸ್ ಅವತರಿಸಿತು. ಏಳು ತಿಂಗಳ ತರುವಾಯ, ಅಕ್ಟೋಬರ್ 23ರಂದು, ಅಮೆರಿಕದಲ್ಲಿ ಐಪಾಡ್ ಹುಟ್ಟಿತು. ಎರಡರ ಹೊಟ್ಟೆಯೊಳಗೂ ಇರುವುದು ಎಆರ್‌ಎಂ7ಟಿಡಿಎಂಐ ಎಂಬ ಒಂದೇ ಗೋತ್ರದ ಪ್ರೊಸೆಸರ್. ಗೋತ್ರಪುರುಷ ಇಂಗ್ಲೆಂಡಿನ ಕೇಂಬ್ರಿಜ್‌ನವನು. ಆದರೆ ಪಾಲು ಹೇಗಾಯಿತು ನೋಡಿ. ಅಣ್ಣನಿಗೆ ಆ ಗೋತ್ರದ ಪ್ರೊಸೆಸರ್ ಒಂದೇ, ವೇಗ 16.78 ಮೆಗಾಹರ್ಟ್ಸ್. ತಮ್ಮನಿಗೆ ಎರಡು, ಒಂದೊಂದೂ 90. ತಮ್ಮನಿಗೆ 5 ಜಿಬಿಯ ಹಾರ್ಡ್ ಡಿಸ್ಕು, ಸಾವಿರ ಹಾಡು; ಅಣ್ಣನಿಗೆ ಗರಿಷ್ಠವೆಂದರೆ 32 ಎಂಬಿಯ ಆಟದ ಕಾರ್ಟ್ರಿಜ್ಜು ಮತ್ತು ಮಾರಿಯೋ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಮಿತಾಕ್ಷರ ಬರೆದು ಅಣ್ಣತಮ್ಮಂದಿರ ಪಾಲನ್ನು ಇತ್ಯರ್ಥ ಮಾಡಿದ ನಮ್ಮ ವಿಜ್ಞಾನೇಶ್ವರ ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ. ಗೇಮ್‌ಬಾಯ್‌ಗೆ ಹಾಡು ಕಲಿಸಲು ಹೊರಟವರನ್ನು ಜಗತ್ತು ಹವ್ಯಾಸಿಗಳೆಂದು ಕರೆಯಿತು. ಅವರು ವಾಸ್ತವದಲ್ಲಿ ಅಣ್ಣನ ಕಡೆಯ ವಕೀಲರು.

ಸೂತ್ರ 2: ಕುರುಡನ ಹೆಗಲೇರಿದ ಕುಂಟನಿಂದ ಗಾನಸಿದ್ಧಿ.

ಭಾಷ್ಯ: ಸಾಂಖ್ಯರ ಪಂಗ್ವಂಧನ್ಯಾಯ ಪ್ರಸಿದ್ಧವಾದದ್ದು. ನಡೆಯಲಾರದ, ಆದರೆ ಕಣ್ಣುಳ್ಳ ಪುರುಷ. ಕಾಣದ, ಆದರೆ ಕಾಲುಳ್ಳ ಪ್ರಕೃತಿ. ಇಬ್ಬರೂ ಸೇರಿದರೆ ಸೃಷ್ಟಿ. ಈ ತತ್ತ್ವವನ್ನು ಅಂಗಡಿಯಲ್ಲಿಟ್ಟು ಮಾರಿದ ಕೀರ್ತಿ ನಿಂಟೆಂಡೊದ್ದು. 2005ರಲ್ಲಿ ಅದು ಜಪಾನಿನಲ್ಲಿ 'ಪ್ಲೇ-ಯಾನ್' ಎಂಬ ಕಾರ್ಟ್ರಿಜ್ ತಂದಿತು. ಅದರೊಳಕ್ಕೆ ಎಸ್‌ಡಿ ಕಾರ್ಡ್ ತೂರಿಸಿ, ಅದನ್ನು ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿಗೆ ತೂರಿಸಿದರೆ ಎಂಪಿ3 ಹಾಡುತ್ತದೆ. ಯಾರು ಹಾಡುತ್ತಾರೆ ಎಂಬುದು ಸೂಕ್ಷ್ಮ. ಎಂಪಿ3ಯನ್ನು ಬಿಡಿಸಿ ಓದುವ ಚಿಪ್ಪು ಇರುವುದು ಕಾರ್ಟ್ರಿಜ್ಜಿನಲ್ಲಿ. ಹೆಡ್‌ಫೋನ್ ಚುಚ್ಚುವ ತೂತು ಇರುವುದೂ ಕಾರ್ಟ್ರಿಜ್ಜಿನಲ್ಲೇ, ಏಕೆಂದರೆ 2003ರ ಎಸ್‌ಪಿ ಮಾದರಿಗೆ ಆ ತೂತನ್ನು ಇಡಲು ಅದೇ ಕಂಪನಿ ಮನಸ್ಸು ಮಾಡಿರಲಿಲ್ಲ. ಗೇಮ್‌ಬಾಯ್ ಕೊಟ್ಟದ್ದು ಬ್ಯಾಟರಿ, ಪರದೆ, ಗುಂಡಿಗಳು. ಇಷ್ಟಾದರೂ ಕೊಂಡವರು "ನನ್ನ ಗೇಮ್‌ಬಾಯ್ ಹಾಡುತ್ತದೆ" ಎಂದೇ ಹೇಳಿಕೊಂಡರು. ಕರ್ತೃತ್ವಭ್ರಮೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ವೇದಾಂತಕ್ಕೂ ಸಿಕ್ಕಿಲ್ಲ.

ಸೂತ್ರ 3: ಅಲ್ಪತೃಪ್ತನಿಗೆ ಎರಡೂವರೆ ಗಂಟೆ.

ಭಾಷ್ಯ: ಚಿಪ್ಪಿನ ಹಂಗು ಬೇಡವೆಂದ ಹಠಯೋಗಿಗಳೂ ಇದ್ದರು. ಬಡ ಪ್ರೊಸೆಸರಿಗೆ ಎಂಪಿ3 ಬಿಡಿಸುವುದು ಹೆಣಗಾಟವೆಂದು ತಿಳಿದು, ಹಳೆಯ ಮೊಬೈಲ್ ಫೋನುಗಳಲ್ಲಿ ಮಾತನ್ನು ಅಮುಕಿ ಕಳಿಸಲು ಮಾಡಿದ್ದ ಜಿಎಸ್‌ಎಂ ವಿಧಾನಕ್ಕೆ ಶರಣಾದರು. 32 ಎಂಬಿಯ ಕಾರ್ಟ್ರಿಜ್ಜಿನಲ್ಲಿ 128 ಕೆಬಿಪಿಎಸ್‌ನ ಎಂಪಿ3 ಅರ್ಧ ಗಂಟೆಗೆ ತುಸು ಹೆಚ್ಚು ಹಿಡಿದೀತು. ಇವರ ವಿಧಾನದಲ್ಲಿ ಸುಮಾರು ಎರಡೂವರೆ ಗಂಟೆ. ಒಂದು ಕಛೇರಿ ತನಿ ಆವರ್ತನದ ಸಮೇತ ಮುಗಿಯುವಷ್ಟು ಹೊತ್ತು. ಆದರೆ ಮನುಷ್ಯನ ಮಾತಿಗೆಂದು ಅಳತೆ ಮಾಡಿ ಹೊಲಿದ ಅಂಗಿಯಲ್ಲಿ ಮೃದಂಗವನ್ನು ತುರುಕಿದರೆ ಎಲ್ಲಿ ಬಿಗಿಯುತ್ತದೆಂದು ಹೇಳಬೇಕಾಗಿಲ್ಲ. ಈ ಪಂಥದವರನ್ನು ಕೇಳಿದರೆ ಹಾಡು ಚೆನ್ನಾಗಿದೆಯೇ ಎಂಬುದಕ್ಕೆ ಉತ್ತರ ಕೊಡುವುದಿಲ್ಲ, "ಬರುತ್ತದೆ" ಎನ್ನುತ್ತಾರೆ. ಇಡೀ ಶಾಸ್ತ್ರದ ಜೀವ ಇರುವುದು ಆ ಒಂದು ಕ್ರಿಯಾಪದದಲ್ಲೇ. ಇವರಿಗೆ ಸಂಗೀತ ಬೇಕಿರಲಿಲ್ಲ, ಯಂತ್ರದಿಂದ ಹೂಂ ಅನ್ನಿಸಬೇಕಿತ್ತು.

ನೋಕಿಯಾದ ಎನ್-ಗೇಜ್ (2003) ಬಗ್ಗೆ ಪ್ರತ್ಯೇಕ ಸೂತ್ರ ಬರೆಯುವ ಯೋಗ್ಯತೆ ಅದಕ್ಕಿಲ್ಲ. ಅದು ಫೋನೂ ಹೌದು, ಆಟವೂ ಹೌದು, ಎಂಪಿ3 ಪ್ಲೇಯರೂ ಹೌದು. ಆದರೆ ಆಟದ ಕಾರ್ಡಿಗೂ ಹಾಡಿನ ಕಾರ್ಡಿಗೂ ಇದ್ದದ್ದು ಒಂದೇ ಗೂಡು, ಅದೂ ಬ್ಯಾಟರಿಯ ಅಡಿಯಲ್ಲಿ. ಆಟ ಬಿಟ್ಟು ಹಾಡಿಗೆ ಬರಬೇಕಾದರೆ ಫೋನನ್ನು ಪ್ರಾಣ ಬಿಡಿಸಿ ಮತ್ತೆ ಹುಟ್ಟಿಸಬೇಕು. ಮುಂದಕ್ಕೆ ಹೋಗೋಣ.

ಸೂತ್ರ 4: ನೇತಿ ನೇತಿ.

ಭಾಷ್ಯ: 2004ರ ಡಿಸೆಂಬರಿನಲ್ಲಿ ಸೋನಿ ತಂದ ಪ್ಲೇಸ್ಟೇಷನ್ ಪೋರ್ಟಬಲ್, ಅರ್ಥಾತ್ ಪಿಎಸ್‌ಪಿ, ಹುಟ್ಟುತ್ತಲೇ ಎಂಪಿ3 ಬಲ್ಲದು. 1979ರಲ್ಲಿ ವಾಕ್‌ಮನ್ ಕೊಟ್ಟ ಮನೆತನವಲ್ಲವೇ. ಆದರೂ ವ್ಯಾಲ್ಯೂ ಪ್ಯಾಕಿನಲ್ಲಿ ಜೊತೆಗೆ ಕೊಟ್ಟ ಮೆಮೊರಿ ಸ್ಟಿಕ್ 32 ಎಂಬಿಯದು, ಅಂದರೆ ಮತ್ತದೇ ಅರ್ಧ ಗಂಟೆ. ದೊಡ್ಡ ಮನೆತನಗಳ ಔದಾರ್ಯ ಹೀಗೇ ಇರುತ್ತದೆ.

ಈಗ ಸಾಧನಾಕ್ರಮ. ಹಾಡನ್ನು ಆರಂಭಿಸಿ, ಡಿಸ್‌ಪ್ಲೇ ಗುಂಡಿಯನ್ನು ಒತ್ತಿ ಹಿಡಿಯಬೇಕು, 4.3 ಇಂಚಿನ ಆ ಮೋಹಕ ಪರದೆ ಕಪ್ಪಾಗುತ್ತದೆ. ಬಳಿಕ ಬಲಬದಿಯ ಸ್ವಿಚ್ಚನ್ನು ಕೆಳಕ್ಕೆ ಜಾರಿಸಿ ಹೋಲ್ಡ್‌ಗೆ ಹಾಕಬೇಕು, ಗುಂಡಿಗಳೆಲ್ಲ ನಿಶ್ಚೇಷ್ಟಿತ. ಪರದೆ ಅಲ್ಲ, ಗುಂಡಿ ಅಲ್ಲ, ಆಟದ ಡಿಸ್ಕಂತೂ ಅಲ್ಲ. ಯಾವುದರಿಂದ ಅದು ಪಿಎಸ್‌ಪಿ ಆಗಿತ್ತೋ ಅದನ್ನೆಲ್ಲ ಒಂದೊಂದಾಗಿ ನಿರಾಕರಿಸಿದ ಮೇಲೆ ಹಾಡು ಉಳಿಯುತ್ತದೆ, ಜೊತೆಗೆ 280 ಗ್ರಾಂ ತೂಕ. ಮೊದಲ ಐಪಾಡ್ 184 ಗ್ರಾಂ. ಶರ್ಟಿನ ಜೇಬಿಗಿಟ್ಟು ನಡೆದರೆ ಸಾಧಕ ಎಡಕ್ಕೆ ವಾಲುತ್ತಾನೆ. ಇದನ್ನು ಭಾವಪರವಶತೆ ಎಂದು ತಪ್ಪಾಗಿ ತಿಳಿಯಬಾರದು.

"ಮಾಮ, ಹಂಗಾದ್ರೆ ಕೊನೆಗೆ ಉಳಿಯೋದೇನು?"

"ಬ್ಯಾಟರಿ."

"ಅದೂ ಮುಗಿದ್ರೆ?"

"ಚಾರ್ಜರ್ ಎಲ್ಲಿಟ್ಟಿದೀನಿ ನೋಡೋ."

ಇಲ್ಲೊಂದು ಉಪಸೂತ್ರ: ಮೊದಲ ಮಾದರಿಯ ಪಿಎಸ್‌ಪಿ ಫೋನಿನ ಚಾರ್ಜರಿಗೆ ಒಲಿಯದು. ಅದಕ್ಕೆ ದುಂಡು ಪಿನ್ನಿನ ಅದರದೇ ಚಾರ್ಜರ್ ಬೇಕು.

ಸೂತ್ರ 5: ಅನುಲೋಮಕ್ಕೆ ಪ್ರತಿಲೋಮವೂ ಉಂಟು.

ಭಾಷ್ಯ: ಪಲ್ಲವಿ ಹಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವೊಂದಿದೆ. ಅದನ್ನು ಐಪಾಡಿನಂಥ ಹಾಡುಯಂತ್ರಗಳಿಗೆ ಹಾಕಿಕೊಂಡರೆ, ಒಳಗೆ 'ರಾಕ್‌ಬಾಯ್' ಎಂಬುದೊಂದು ಸಿಗುತ್ತದೆ. ಅದರ ಕೆಲಸ ಗೇಮ್‌ಬಾಯ್‌ನ ಆಟಗಳನ್ನು ಆಡಿಸುವುದು. ಅಂದರೆ ಒಂದು ಕಡೆ ಅಣ್ಣನನ್ನು ಹಿಡಿದು ಹಾಡಿಸುತ್ತಿದ್ದಾಗ, ಇನ್ನೊಂದು ಕಡೆ ತಮ್ಮನನ್ನು ಹಿಡಿದು ಆಡಿಸುತ್ತಿದ್ದರು. ಅಣ್ಣತಮ್ಮಂದಿರ ಮನೆಯನ್ನೇ ಅದಲುಬದಲು ಮಾಡಿದ್ದರೆ ಎರಡು ಕಡೆಯ ಶ್ರಮವೂ ಉಳಿಯುತ್ತಿತ್ತು ಎಂದು ಸೋದರಳಿಯ ತರ್ಕಿಸಿದ. ತರ್ಕ ನಿರ್ದುಷ್ಟವಾಗಿದೆ, ಆದ್ದರಿಂದಲೇ ಶಾಸ್ತ್ರಬಾಹ್ಯ.

ಸಿದ್ಧಾಂತ: ಯಂತ್ರಕ್ಕೆ ಸ್ವಧರ್ಮವೆಂಬುದಿಲ್ಲ, ಕೈಪಿಡಿ ಮಾತ್ರ ಇದೆ. ಕೈಪಿಡಿಯನ್ನು ಯಾರೂ ಓದುವುದಿಲ್ಲ. ಆದ್ದರಿಂದ ಗೇಮ್‌ಬಾಯ್ ಹಾಡುವುದು ಧರ್ಮಸಮ್ಮತ, ಕೇಳುವುದು ಐಚ್ಛಿಕ.

ಈ ಶಾಸ್ತ್ರವನ್ನು ಪ್ರಯೋಗಕ್ಕೆ ತರಬೇಕೆಂದು ಅಟ್ಟದ ಮೇಲಿನ ಹಳೆಯ ಪಿಎಸ್‌ಪಿಯನ್ನು ಇಳಿಸುವ ಓದುಗರಲ್ಲಿ ಒಂದು ವಿನಂತಿ: ಮೊದಲು ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ. ಹೊರತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.