ಡಾಕ್ಟರು ಓಡಿಸಿದ ಜೆಟ್‌ಸ್ಕಿ

(ಹೊನ್ನಾವರದ ಹತ್ತಿರ ಹೆದ್ದಾರಿಯಿಂದ ಒಳಗೆ ಒಂದು ತೆಂಗಿನ ತೋಟ. ಮಳೆ ಕಡಿಮೆಯಾಗಿದೆ; ಬೀಚುಗಳಲ್ಲಿ ನೀರಾಟ ಮತ್ತೆ ಶುರುವಾಗುವ ಸಮಯ. ಅಂಗಳದಲ್ಲಿ ಟ್ರೇಲರಿನ ಮೇಲೆ ಕೆಂಪು ಜೆಟ್‌ಸ್ಕಿ ಹೊಳೆಯುತ್ತಿದೆ. ಕೊಟ್ಟಿಗೆಯೊಳಗೆ ಇನ್ನೊಂದು ಇದೆ. ಅದರ ಮೇಲೆ ಹರಿದ ಟಾರ್ಪಾಲು. ಮಲ್ಪೆಯಿಂದ ಪಿಕಪ್ ಮಾಡಿಕೊಂಡು ಬಂದವರು ಇಬ್ಬರು: ಕೊಳ್ಳುವ ಉಮೇದಿನ ಪ್ರವೀಣ ಮತ್ತು ಬಂದರಿನಲ್ಲಿ ಬೋಟಿನ ಇಂಜಿನ್ ಬಿಚ್ಚಿ ಬಿಚ್ಚಿಯೇ ತಲೆ ನರೆಸಿಕೊಂಡ ಅವನ ಸೋದರಮಾವ ಭಾಸ್ಕರ. ಮಾರುವವನು ಗಜಾನನ. ಅವನ ಅಮ್ಮ ಜಗಲಿಯಲ್ಲಿ ಕೂತು ಹಿಡಿಕಡ್ಡಿ ಹೆರೆಯುತ್ತಿದ್ದಾರೆ.)

ಗಜಾನನ: ಬನ್ನಿ, ಬನ್ನಿ. ನೋಡಿ ಗಾಡಿ. ಸೀ-ಡೂ ಕಂಪನಿ, 215 ಹಾರ್ಸ್‌ಪವರ್, ಸೂಪರ್‌ಚಾರ್ಜರ್ ಅದೆ. ಕಾರವಾರದಿಂದ ಮಂಗಳೂರಿನವರೆಗೆ ಹುಡುಕಿ, ಹೀಗೆ ಹೊಳೆಯೂದು ಇನ್ನೊಂದು ಸಿಕ್ಕೂದಿಲ್ಲ.

ಪ್ರವೀಣ: ಮಾವಾ, ಇದೇ ಆಯ್ತು.

ಭಾಸ್ಕರ: ನಾನಿನ್ನೂ ಪಿಕಪ್ಪಿನಿಂದ ಇಳಿದೇ ಇಲ್ಲ ಮಾರಾಯ.

ಪ್ರವೀಣ: ಅಲ್ಲ ಮಾವ, ನಾನು ಬೋರ್ಡ್ ಬರೆಸಿದ್ದು ಸಹ ಕೆಂಪಲ್ಲಿ. ಮ್ಯಾಚ್ ಆಗ್ತದೆ.

ಗಜಾನನ: ಬರೇ 86 ಗಂಟೆ ಓಡಿದ್ದು. ಮೀಟರ್ ನೋಡಿ. ಒಬ್ಬರು ಡಾಕ್ಟರು ಭಾನುವಾರ ಮಾತ್ರ ಕೂತದ್ದು.

ಭಾಸ್ಕರ: ಯಾವ ಊರಿನ ಡಾಕ್ಟರು?

ಗಜಾನನ: ದೊಡ್ಡ ಡಾಕ್ಟರು.

(ಭಾಸ್ಕರ ಬಗ್ಗಿ ಕಾಲಿಡುವ ಜಾಗ ನೋಡುತ್ತಾನೆ. ಮ್ಯಾಟು ಸವೆದು ಅಂಟು ಕಾಣುತ್ತಿದೆ. ಹ್ಯಾಂಡಲಿನ ರಬ್ಬರಿನಲ್ಲಿ ಗೆರೆಯೇ ಉಳಿದಿಲ್ಲ.)

ಭಾಸ್ಕರ: 86 ಗಂಟೆಯಲ್ಲಿ ಮ್ಯಾಟು ಹೀಗೆ ಸವೀಬೇಕಾದರೆ ಡಾಕ್ಟರು ನೀರಿನಲ್ಲಿ ಓಡಿಸಿದ್ದಲ್ಲ, ಮೇಲೆ ನಿಂತು ಯಕ್ಷಗಾನ ಕುಣಿದದ್ದು.

ಗಜಾನನ: ಡಾಕ್ಟರು ಸ್ವಲ್ಪ ದಪ್ಪ.

ಭಾಸ್ಕರ: ಮೀಟರಿನ ಡಬ್ಬಿ ಬದಲಾಯಿಸಬಹುದು ಗಜಣ್ಣ. ಇಂಜಿನಿನ ಕಂಪ್ಯೂಟರಿನೊಳಗೆ ಗಂಟೆಯ ಲೆಕ್ಕ ಬೇರೆ ಇರ್ತದೆ. ಡೀಲರಿನವರು ವಯರು ಹಾಕಿದರೆ ಎಲ್ಲ ಹೊರಗೆ ಬರ್ತದೆ. ಎಷ್ಟರ ಮಾಡೆಲ್ಲು ಇದು?

ಗಜಾನನ: 2012.

ಭಾಸ್ಕರ: (ಹಿಂಭಾಗಕ್ಕೆ ಹೋಗಿ, ಬಾಡಿಗೆ ಹೊಡೆದ ತಗಡಿನ ಪಟ್ಟಿಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾ) ಪ್ರವೀಣ, ಇಲ್ಲಿ ಬಾ. 12 ಅಕ್ಷರ ಉಂಟು ನೋಡು. ಇದು ಬಾಡಿಯ ನಂಬ್ರ. ಕೊನೆಯ ಎರಡು ಓದು.

ಪ್ರವೀಣ: ಸೊನ್ನೆ, ಏಳು.

ಭಾಸ್ಕರ: ಅದು ಮಾಡೆಲಿನ ವರ್ಷ. 2007.

ಗಜಾನನ: ನಾವು ತಗೊಂಡದ್ದು 2012. ನಮಗೆ ಅದು ಹುಟ್ಟಿದ್ದು ಆವಾಗಲೇ.

ಪ್ರವೀಣ: ಐದು ವರ್ಷ ಹಳತಾದರೆ ಎಂತ ಮಾವ? ಬಣ್ಣ ನೋಡಿ!

ಭಾಸ್ಕರ: ಬಣ್ಣವನ್ನೇ ನೋಡ್ತಾ ಇದ್ದೇನೆ. ಈ ಮೂತಿಯ ಕೆಳಗೆ ಮಾತ್ರ ಯಾಕೆ ಹೊಸ ಬಣ್ಣ?

(ಕಿಸೆಯಿಂದ ನಾಣ್ಯ ತೆಗೆದು ಮೂತಿಯಿಂದ ಹಿಂದಕ್ಕೆ ಕುಟ್ಟುತ್ತಾ ಬರುತ್ತಾನೆ. ಟಣ್, ಟಣ್, ಟಣ್. ಒಂದು ಕಡೆ ಬಂದಾಗ: ದಬ್.)

ಭಾಸ್ಕರ: ಇಲ್ಲಿ ಫೈಬರ್ ಒಡೆದಿತ್ತು. ಪುಟ್ಟಿ ತುಂಬಿಸಿ ಬಣ್ಣ ಬಳಿದದ್ದು. ಡಾಕ್ಟರು ಬಂಡೆಗೆ ಆಪರೇಷನ್ ಮಾಡ್ಲಿಕ್ಕೆ ಹೋಗಿದ್ದರಾ?

ಗಜಾನನ: ಒಂದು ಸಣ್ಣ ತಾಗಿದ್ದು. ಇಂಜಿನ್ ಕೇಳಿ ನೀವು. ಸಿಂಹ! (ಸ್ಟಾರ್ಟ್ ಮಾಡಿ ಥ್ರಾಟಲ್ ಎಳೆಯುತ್ತಾನೆ. ಕೊಟ್ಟಿಗೆಯೊಳಗಿಂದ ಕೋಳಿಯೊಂದು ಕಿರುಚುತ್ತದೆ.)

ಭಾಸ್ಕರ: ಬಂದ್ ಮಾಡು! ಬಂದ್ ಮಾಡು ಮಾರಾಯ! ನೀರಿಲ್ಲದೆ ಇಷ್ಟು ಹೊತ್ತು ಓಡಿಸ್ತಾರಾ?

ಗಜಾನನ: ಇದಕ್ಕೆ ಒಳಗೇ ಕೂಲಂಟ್ ಅದೆ. ಕಾರಿನ ಹಾಗೆ. ಸಮುದ್ರದ ನೀರು ಇಂಜಿನ್ ಒಳಗೆ ಹೋಗೂದೇ ಇಲ್ಲ.

ಭಾಸ್ಕರ: ಇಂಜಿನಿಗೆ ಹೋಗುವುದಿಲ್ಲ, ಸರಿ. ಎಕ್ಸಾಸ್ಟಿಗೆ ಹೋಗ್ತದೆ, ಇಂಟರ್‌ಕೂಲರಿಗೆ ಹೋಗ್ತದೆ. ಅವನ್ನು ತಣ್ಣಗೆ ಇಡುವುದು ಹೊರಗಿನ ನೀರೇ. ಶಾಫ್ಟಿನ ಕಾರ್ಬನ್ ಸೀಲು ಒಣಗಿ ಸುಟ್ಟರೆ ಆಮೇಲೆ ನೀರು ಹೊರಗಿರುವುದಿಲ್ಲ, ಒಳಗೇ ಬಂದು ಕೂರ್ತದೆ. ದಿನಾ ಸಿಹಿನೀರು ಕೊಟ್ಟು ತೊಳೀತಿದ್ದಿರಾ?

ಗಜಾನನ: ಕೂಲಂಟ್ ಇದ್ದ ಮೇಲೆ ಯಾಕೆ ತೊಳೀಬೇಕು?

(ಭಾಸ್ಕರ ಉತ್ತರ ಕೊಡುವುದಿಲ್ಲ. ಅವನ ಮೌನಕ್ಕೆ ಮಲ್ಪೆಯಲ್ಲಿ ಬೆಲೆ ಇದೆ. ಬೋಟಿನ ಮಾಲಕರು ಅದನ್ನು ಕೇಳಿದರೆ ಮೊದಲು ಸೊಸೈಟಿಗೆ ಸಾಲಕ್ಕೆ ಫೋನು ಮಾಡುತ್ತಾರೆ. ಸೀಟು ಎತ್ತುತ್ತಾನೆ. ಒಳಗೆಲ್ಲ ಎಣ್ಣೆ ಸಿಂಪಡಿಸಿ ಥಳಥಳ ಮಾಡಿದ್ದಾರೆ.)

ಪ್ರವೀಣ: ಒಳಗೂ ಎಷ್ಟು ಕ್ಲೀನ್ ಮಾವ!

ಭಾಸ್ಕರ: ಇಷ್ಟು ಕ್ಲೀನ್ ಇದ್ದರೆ ನನಗೆ ಹೆದರಿಕೆ. (ಆಯಿಲಿನ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸುತ್ತಾನೆ.) ಬಣ್ಣ ಎಂತ?

ಪ್ರವೀಣ: ಹಾಲು ಹಾಕಿದ ಕಾಫಿ.

ಭಾಸ್ಕರ: ಆಯಿಲಿಗೆ ನೀರು ಸೇರಿದೆ. ಗಜಣ್ಣ, ಈ ಸೂಪರ್‌ಚಾರ್ಜರ್ ಯಾವಾಗ ಬಿಚ್ಚಿದ್ದು?

ಗಜಾನನ: ಬಿಚ್ಚೂದಾ? ಕಂಪನಿ ಹಾಕಿದ್ದು ಹಾಗೇ ಅದೆ. ಕೈಯೇ ಹಾಕಲಿಲ್ಲ!

ಭಾಸ್ಕರ: ಆ ಕಾಲದ್ದಕ್ಕೆ 100 ಗಂಟೆಗೊಮ್ಮೆ ಬಿಚ್ಚಿ ರಿಪೇರಿ ಮಾಡ್ಬೇಕು ಅಂತ ಕಂಪನಿಯೇ ಹೇಳಿದ್ದು. ಒಳಗೆ ಸಿರಾಮಿಕ್ ವಾಷರ್ ಉಂಟು. ಅದು ಒಡೆದರೆ ಚೂರು ಆಯಿಲಿನೊಟ್ಟಿಗೆ ಇಡೀ ಇಂಜಿನ್ ಸುತ್ತಿ ಬರ್ತದೆ. ಆಮೇಲೆ ಇಂಜಿನ್ ತೂಕಕ್ಕೆ ಕೊಡ್ಬೇಕು.

ಗಜಾನನ: ಅದಕ್ಕೇ ಮೀಟರ್ 86ರಲ್ಲಿ ಅದೆ. ನೂರು ಆಗ್ಲಿಲ್ಲ ನೋಡಿ!

(ಭಾಸ್ಕರ ಕೈಚೀಲದಿಂದ ಕಂಪ್ರೆಷನ್ ಗೇಜು ತೆಗೆದು ಒಂದೊಂದೇ ಪ್ಲಗ್ಗಿನ ತೂತಿಗೆ ಹಾಕುತ್ತಾನೆ. ಪ್ರವೀಣ ಬಟನ್ ಒತ್ತಿ ಇಂಜಿನ್ ತಿರುಗಿಸುತ್ತಾನೆ.)

ಭಾಸ್ಕರ: ಒಂದನೇದು 120. ಎರಡನೇದು 118. ಮೂರನೇದು... 85. ಮೂರು ಸಿಲಿಂಡರು ಅಂದರೆ ಒಂದೇ ಮನೆಯ ಅಣ್ಣತಮ್ಮಂದಿರು. ನೂರಕ್ಕೆ ಹತ್ತು ವ್ಯತ್ಯಾಸ ಆದರೆ ಸಾಕು, ಒಳಗೆ ಜಗಳ ಉಂಟು ಅಂತ ಲೆಕ್ಕ. ಇಲ್ಲಿ ಒಬ್ಬ ಪಾಲು ತಗೊಂಡು ಹೋಗಿಯೇ ಆಯ್ತು.

ಪ್ರವೀಣ: (ಸಣ್ಣ ದನಿಯಲ್ಲಿ) ನೀರಿಗೆ ಒಮ್ಮೆ ಇಳಿಸಿ ನೋಡುವನಾ ಮಾವ? ಶರಾವತಿ ಇಲ್ಲೇ ಉಂಟು.

ಗಜಾನನ: ಈಗ ಆಗೂದಿಲ್ಲ. ಇಳಿತದ ಹೊತ್ತು. ನೀರಿಲ್ಲ.

ಭಾಸ್ಕರ: ನಿನ್ನೆ ಹುಣ್ಣಿಮೆ ಗಜಣ್ಣ. ಮಧ್ಯಾಹ್ನದ ಹೊತ್ತಿಗೆ ಭರತ. ಈಗ ಗಂಟೆ ಹನ್ನೊಂದೂವರೆ. ಇದನ್ನು ನನಗೆ ಹೇಳ್ತೀಯಾ?

ಗಜಾನನ: ಹೊನ್ನಾವರದಲ್ಲಿ ಸ್ವಲ್ಪ ಲೇಟು.

ಭಾಸ್ಕರ: ಕಾಗದಪತ್ರ? ಬಿಲ್ಲು, ಕಸ್ಟಮ್ಸಿನ ರಸೀದಿ?

ಗಜಾನನ: ಎಲ್ಲ ಇತ್ತು. ಸೀಟಿನ ಕೆಳಗೆ ಇಟ್ಟದ್ದು ನೆನೆದು ಹೋಯ್ತು.

ಭಾಸ್ಕರ: ನೀರು ಒಳಗೆ ಬರ್ತದೆ ಅಂತ ಈಗ ನೀನೇ ಒಪ್ಪಿಕೊಂಡೆ.

ಅಮ್ಮ: (ಕಡ್ಡಿ ಹೆರೆಯುವುದು ನಿಲ್ಲಿಸದೆ) ಯಾವ ಡಾಕ್ಟರು ತಮಾ? ಅದು ಕಲಂಗುಟದಲ್ಲಿ ಬಾಡಿಗೆಗೆ ಓಡ್ತಿತ್ತು. ಡಾಕ್ಟರು ಬಂದದ್ದು ನಮ್ಮ ಆಕಳು ಕರು ಹಾಕೂಕೆ ಆಗದೆ ಮಲಗಿತ್ತಲ್ಲ, ಆವಾಗ. ಹತ್ತಿ ಕೂತು ಒಂದು ಫೋಟೋ ತೆಗೆಸಿಕೊಂಡರು.

ಗಜಾನನ: ಅವತ್ತು ಭಾನುವಾರ ಹೌದೋ ಅಲ್ಲವೋ, ಹೇಳು!

ಅಮ್ಮ: ಭಾನುವಾರ ಹೌದು.

(ಗಜಾನನ ತಾನು ಸುಳ್ಳು ಹೇಳಲಿಲ್ಲ ಎಂಬಂತೆ ಎಲ್ಲರ ಮುಖ ನೋಡುತ್ತಾನೆ. ಭಾಸ್ಕರ ಕೈ ಒರೆಸಿಕೊಂಡು ಕೊಟ್ಟಿಗೆಯ ಕಡೆ ಹೆಜ್ಜೆ ಹಾಕುತ್ತಾನೆ.)

ಗಜಾನನ: ಅದು ಬೇಡ ಮಾರಾಯ್ರೆ. ಬಣ್ಣ ಹೋಗಿ ಕೂತದೆ. 640 ಗಂಟೆ ಓಡಿದೆ. ಸಾಮಾನ್ಯ ಯಮಾಹಾ ವಿಎಕ್ಸ್, 2017ರದ್ದು. ಸೂಪರ್‌ಚಾರ್ಜರೂ ಇಲ್ಲ, ಎಂತದೂ ಇಲ್ಲ.

ಭಾಸ್ಕರ: ಇಲ್ಲದ ಸೂಪರ್‌ಚಾರ್ಜರ್ ಹಾಳಾಗುವುದಿಲ್ಲ.

ಪ್ರವೀಣ: 640 ಗಂಟೆಯಾ? ಮಾವ, ಅದು ಅಜ್ಜ ಆಯ್ತು!

ಭಾಸ್ಕರ: ದಿನಾ ಓಡಿದ ಇಂಜಿನಿಗೆ ತುಕ್ಕು ಹಿಡೀಲಿಕ್ಕೆ ಪುರುಸೊತ್ತು ಎಲ್ಲಿ? ಬಂದರಿನಲ್ಲಿ ಕೇಳು. ಜೂನ್ 1ಕ್ಕೆ ದಡ ಸೇರಿದ ಬೋಟು ಆಗಸ್ಟಿನಲ್ಲಿ ಹೊರಟರೆ, ಸೀದಾ ಹೋಗುವುದು ತೊಳೆದು ಇಟ್ಟದ್ದು ಮಾತ್ರ. ಉಳಿದದ್ದೆಲ್ಲ ನನ್ನ ಹತ್ತಿರ ಬರ್ತದೆ. ಆದರೆ ಇದಕ್ಕೆ ಸಮುದ್ರದ ನೀರು ಇಂಜಿನಿನೊಳಗೇ ಹರಿಯುವುದು. ತೊಳೀದಿದ್ದರೆ ಒಳಗೆ ಉಪ್ಪು ಕಟ್ಟಿರ್ತದೆ. ಇದನ್ನಾದರೂ ತೊಳೀತಿದ್ದಿಯಾ ಗಜಣ್ಣ?

ಅಮ್ಮ: ಅವ ಎಲ್ಲಿ ತೊಳೀತಾನೆ? ನಾನು. ದಿನಾ ಸಂಜೆ.

ಭಾಸ್ಕರ: ನೀವಾ ಅಮ್ಮ? ಹೇಗೆ ತೊಳೀತಿದ್ರಿ?

ಅಮ್ಮ: ಬಾವಿ ನೀರಿನ ಪೈಪು ಸಿಕ್ಕಿಸೂದು. ಮೊದಲು ಇಂಜಿನ್ ಸುರು. ಆಮೇಲೆ ನೀರು ಬಿಡೂದು. ನಿಲ್ಲಿಸೂವಾಗ ಮೊದಲು ನೀರು ಬಂದ್, ಆಮೇಲೆ ಇಂಜಿನ್ ಬಂದ್. ತಿರುಗಾಮುರುಗಾ ಮಾಡಿದರೆ ಇಂಜಿನ್ ನೀರು ಕುಡೀತದೆ ಅಂತ ಕೊಟ್ಟವ ಹೇಳಿ ಹೋಗಿದ್ದ.

(ಭಾಸ್ಕರ ಚಪ್ಪಲಿ ಕಳಚಿ ಜಗಲಿ ಹತ್ತುತ್ತಾನೆ. ಅಷ್ಟು ಗೌರವ ಅವನು ಯಾವ ಕಂಪನಿಯ ಇಂಜಿನಿಯರಿಗೂ ಕೊಟ್ಟಿರಲಿಕ್ಕಿಲ್ಲ.)

ಭಾಸ್ಕರ: ಇಷ್ಟು ಶ್ರದ್ಧೆ ಯಾಕೆ ಅಮ್ಮ?

ಅಮ್ಮ: ಉಪ್ಪುನೀರು ಸೋರಿ ನನ್ನ ಮಲ್ಲಿಗೆ ಬುಡಕ್ಕೆ ಹೋಗ್ತಿತ್ತು. ಎರಡು ಗಿಡ ಸತ್ತವು. ಈ ಕೆಂಪು ಸೈತಾನ ದೂರ ನಿಲ್ಲತಿತ್ತು, ಅದರ ಗೊಡವೆಗೆ ಹೋಗಲಿಲ್ಲ.

ಭಾಸ್ಕರ: ಆಯಿಲು?

(ಅಮ್ಮ ಒಳಗಿನಿಂದ ಹಾಲಿನ ಲೆಕ್ಕದ ಪುಸ್ತಕ ತರುತ್ತಾರೆ. ಭಾಸ್ಕರ ಕನ್ನಡಕ ಏರಿಸಿ ಓದುತ್ತಾನೆ.)

ಭಾಸ್ಕರ: ‘ಶೆಟ್ಟರ ಮನೆಗೆ ಎರಡು ಲೀಟರು. ಹಿಂಡಿ ಒಂದು ಚೀಲ. ಗಾಡಿ ನೂರು ಗಂಟೆ, ಆಯಿಲು ಫಿಲ್ಟರು.’ ಇನ್ನೂರು ಉಂಟು. ಮುನ್ನೂರು ಉಂಟು. ಆರುನೂರೂ ಉಂಟು! ಪ್ರವೀಣ, ಇಂಥ ಸರ್ವಿಸ್ ಬುಕ್ಕು ನಾನು ಕಂಡದ್ದಿಲ್ಲ. ಮಳೆಗಾಲದಲ್ಲಿ ಟ್ಯಾಂಕಿನ ಪೆಟ್ರೋಲು ಎಂತ ಮಾಡಿದ್ರಿ ಅಮ್ಮ? ಈಗ ಎಥೆನಾಲ್ ಹಾಕ್ತಾರೆ, ಅದು ನೀರು ಎಳೀತದೆ.

ಅಮ್ಮ: ಗಜಾನನ ಬೈಕಿಗೆ ಹಾಕಿ ಮುಗಿಸಿದ.

ಭಾಸ್ಕರ: ನೀನು ಸಹ ಒಂದು ಒಳ್ಳೆ ಕೆಲಸ ಮಾಡಿದ್ದಿ ಗಜಣ್ಣ.

(ಟಾರ್ಪಾಲು ಅರ್ಧ ಸರಿಸಿ, ಮಣ್ಣಿಗೆ ಬೆನ್ನು ಕೊಟ್ಟು ಮಲಗಿ, ಟಾರ್ಚು ಹಿಡಿದು ಅಡಿಯ ಜಾಲರಿಯೊಳಗೆ ಇಣುಕುತ್ತಾನೆ. ನೀರು ಎಳೆಯುವ ಇಂಪೆಲ್ಲರಿನ ಅಂಚು ನೆಟ್ಟಗಿದೆ. ಅದರ ಸುತ್ತಲಿನ ಬಳೆಯಲ್ಲಿ ಗೀರಿಲ್ಲ. ಶಾಫ್ಟು ಹಿಡಿದು ಅಲ್ಲಾಡಿಸಿದರೆ ಅಲ್ಲಾಡುವುದಿಲ್ಲ.)

ಭಾಸ್ಕರ: ಮರಳು ತಿಂದಿಲ್ಲ. ಎರಡಡಿ ನೀರಿಲ್ಲದ ಕಡೆ ಇದನ್ನು ಸ್ಟಾರ್ಟ್ ಮಾಡಬಾರದು, ಕೆಳಗಿನ ಮರಳು, ಹಗ್ಗ, ಪ್ಲಾಸ್ಟಿಕ್ ಎಲ್ಲ ಎಳ್ಕೊಳ್ತದೆ. ನಿನ್ನ ಬೀಚಿನಲ್ಲಿ ಹುಡುಗರಿಗೆ ಮೊದಲು ಇದನ್ನು ಹೇಳು.

ಪ್ರವೀಣ: ಬ್ರೇಕ್ ಎಲ್ಲಿ ಮಾವ?

ಭಾಸ್ಕರ: ಇದಕ್ಕೆ ಇಲ್ಲ.

ಪ್ರವೀಣ: ಎದುರು ಏನಾದರೂ ಬಂದರೆ ಥ್ರಾಟಲ್ ಬಿಟ್ಟು ತಿರುಗಿಸಿದರಾಯ್ತಲ್ಲ.

ಭಾಸ್ಕರ: ಅಲ್ಲೇ ಜನ ಸಾಯುವುದು! ಹಿಂದಿನಿಂದ ನೀರು ಚಿಮ್ಮಿದರೆ ಮಾತ್ರ ಇದು ತಿರುಗುವುದು. ಥ್ರಾಟಲ್ ಬಿಟ್ಟರೆ ನೀನು ಹ್ಯಾಂಡಲ್ ಎಷ್ಟು ತಿರುಗಿಸು, ಇದು ಸೀದಾ ಹೋಗ್ತದೆ. ಬೋರ್ಡಿನಲ್ಲಿ ಕೆಂಪು ಬಣ್ಣ ಉಂಟಲ್ಲ, ಅದರಲ್ಲಿ ಇದನ್ನು ಬರೆಸು.

ಪ್ರವೀಣ: (ಹಳದಿ ಹೋಗಿ ಕೆನೆಬಣ್ಣವಾದ ಯಮಾಹಾ ನೋಡುತ್ತಾ) ಆಯ್ತು. ಎಷ್ಟಕ್ಕೆ ಕೊಡ್ತೀರಿ?

ಗಜಾನನ: ಕೆಂಪಿಗೆ ಏಳು ಲಕ್ಷ ಹೇಳಿದ್ದೆ. ಇದಕ್ಕೆ...

ಅಮ್ಮ: ಐದು. ಬಿಲ್ಲು, ಕಾಗದ ಎಲ್ಲ ದೇವರ ಕೋಣೆಯಲ್ಲಿ ಅದೆ, ಒಣಗಿಯೇ ಅದೆ. ಆದರೆ ಈಗ ಕೊಡೂದಿಲ್ಲ.

ಪ್ರವೀಣ: ಯಾಕಮ್ಮ?

(ಅಮ್ಮ ಎದ್ದು ಬಂದು ಟಾರ್ಪಾಲಿನ ಉಳಿದರ್ಧ ಎತ್ತುತ್ತಾರೆ. ಮೂತಿಯ ಸಾಮಾನಿನ ಪೆಟ್ಟಿಗೆ ತೆರೆದಿದೆ. ಅದರೊಳಗೆ ಕಂದು ಬಣ್ಣದ ಹೇಂಟೆ, ಗರಿ ಉಬ್ಬಿಸಿಕೊಂಡು, ಪ್ರವೀಣನನ್ನೇ ದುರುಗುಟ್ಟಿ ನೋಡುತ್ತಿದೆ.)

ಅಮ್ಮ: ಕಾವು ಕೂತು ಒಂಬತ್ತು ದಿನ ಆಯ್ತು. ಇಪ್ಪತ್ತೊಂದಕ್ಕೆ ಮರಿ. ಇನ್ನು ಹನ್ನೆರಡು ದಿನ ಯಾರೂ ಮುಟ್ಟೂ ಹಾಂಗಿಲ್ಲ.

ಪ್ರವೀಣ: ಅಮ್ಮಾ, ಸೀಸನ್ ಶುರುವಾಗ್ತದೆ! ಕೋಳಿಯನ್ನು ಬುಟ್ಟಿಗೆ ಹಾಕಿದರೆ?

ಅಮ್ಮ: ಜಾಗ ಬದಲಾಯಿಸಿದರೆ ಕಾವು ಬಿಟ್ಟು ಎದ್ದು ಹೋಗ್ತದೆ. ಹದಿಮೂರು ಮೊಟ್ಟೆ. ನೀ ಕೂರ್ತಿಯೇನು ತಮಾ?

ಗಜಾನನ: ಕೆಂಪಿನಲ್ಲಿ ಕೋಳಿ ಇಲ್ಲ ನೋಡಿ. ಇವತ್ತೇ ತಗೊಂಡು ಹೋಗಬಹುದು.

ಭಾಸ್ಕರ: ಕೋಳಿಗೂ ಗೊತ್ತಾಗಿದೆ ಗಜಣ್ಣ, ಯಾವುದರೊಳಗೆ ನೀರು ಬರ್ತದೆ ಅಂತ. (ಪ್ರವೀಣನ ಕೈಯಿಂದ ನೋಟಿನ ಕಟ್ಟು ತೆಗೆದು ಅಮ್ಮನಿಗೆ ಕೊಡುತ್ತಾ) ಇಪ್ಪತ್ತು ಸಾವಿರ ಅಡ್ವಾನ್ಸು, ಪುಸ್ತಕದಲ್ಲಿ ಬರೀರಿ. ಮರಿ ಆದ ಮೇಲೆ ಬರ್ತೇವೆ. ಕಂಪ್ರೆಷನ್ ನೋಡಿ, ಶರಾವತಿಯಲ್ಲಿ ಒಂದು ಗಂಟೆ ಓಡಿಸಿ, ಮೇಲೆ ತಂದು ಒಳಗೆ ನೀರು ಉಂಟಾ ನೋಡಿ, ಆಮೇಲೆ ಬಾಕಿ ದುಡ್ಡು. ಆಗಬಹುದಾ?

ಅಮ್ಮ: ಆಗಬಹುದು. ಆದರೆ ಆ ಒಂದು ಗಂಟೆ ನಾನೂ ಕೂರ್ತೆ.

ಗಜಾನನ: ಅಮ್ಮಾ! ನಿಂಗೆ ಈಜು ಬರೂದಿಲ್ಲ!

ಅಮ್ಮ: ಇಷ್ಟು ವರ್ಷ ತೊಳೆದದ್ದು ನಾನು. ಒಂದು ದಿನ ಹತ್ತಿಸಿದ್ದಿಲ್ಲ ಇವ. ಆಕಳ ಡಾಕ್ಟರು ಸಹ ಕೂತ.

ಭಾಸ್ಕರ: ಖಂಡಿತ ಕೂತ್ಕೊಳ್ಳಿ ಅಮ್ಮ. ಲೈಫ್ ಜಾಕೆಟ್ ಮಾತ್ರ ಹಾಕ್ಬೇಕು. ಉಂಟಲ್ಲ?

ಅಮ್ಮ: ಉಂಟು, ಹೊಸತೇ ಉಂಟು. ಕೋಳಿ ಎದ್ದ ಮೇಲೆ ಕೊಡ್ತೆ. ಮೊಟ್ಟೆ ಇಟ್ಟದ್ದು ಅದರ ಮೇಲೇ.