ಮೋಡಗುಳೆ ಮೀಮಾಂಸೆ

ಸ್ವಂತ ಕೋಣೆಯ ಸರ್ವರಿನಲ್ಲಿ ದುಡಿಯುತ್ತಿರುವ ತಂತ್ರಾಂಶವನ್ನು ಎಬ್ಬಿಸಿ, ಗಂಟೆ ಬಾಡಿಗೆಯ ಮೇಲೆ ಪರರ ಯಂತ್ರಕ್ಕೆ ದುಡಿಯಲು ಕಳಿಸುವುದೇ ಕ್ಲೌಡ್ ಮೈಗ್ರೇಶನ್. ಬಸವನ ಬಾಗೇವಾಡಿ ಸೀಮೆಯಲ್ಲಿ ಇದಕ್ಕೆ ‘ಮೋಡಗುಳೆ’ ಎಂಬ ಹೆಸರೇ ಶಾಸ್ತ್ರಸಮ್ಮತ. ಗೋವಾ, ಮಹಾರಾಷ್ಟ್ರಗಳಿಗೆ ಗುಳೆ ಹೋಗುವ ಈ ಭಾಗದ ಕೂಲಿಕಾರರೇ ಶಾಸ್ತ್ರದ ಪೂರ್ವಾಚಾರ್ಯರು. ತಂತ್ರಾಂಶವನ್ನು ಅದರ ಅವಲಂಬನೆಗಳ ಸಮೇತ ಕಟ್ಟಿ ಕಳಿಸುವ ‘ಕಂಟೇನರ್’ ಎಂಬುದು ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಸೇರಿದ ಬುತ್ತಿಗಂಟಲ್ಲದೆ ಬೇರೇನೂ ಅಲ್ಲ. ಅಮೆಜಾನ್ 2006ರಲ್ಲಿ ಕಂಪ್ಯೂಟರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು. ಟ್ರ್ಯಾಕ್ಟರ್ ಬಾಡಿಗೆ ಅದಕ್ಕಿಂತ ಹಳೆಯದು. ಅದಕ್ಕೆ ಸರ್ಟಿಫಿಕೇಟ್ ಕೊಡುವ ಪದ್ಧತಿ ಮಾತ್ರ ಬೆಳೆಯಲಿಲ್ಲ.

‘ಮೋಡ’ದ ಅರ್ಥದಲ್ಲಿ ಎರಡು ಮತಗಳಿವೆ. ಕಂಪನಿಗಳ ಮತದಲ್ಲಿ ಮೋಡವು ನೆಲದ ಮೇಲಿರುತ್ತದೆ; ಅಮೆಜಾನಿನದು 2016ರಿಂದ ಮುಂಬೈ ಕಡೆಯ ಕಟ್ಟಡಗಳಲ್ಲಿದೆ. ಸ್ಥಳೀಯ ಮತದಲ್ಲಿ, ಕಪ್ಪಗೆ ಕವಿದು, ಆಸೆ ತೋರಿಸಿ, ಮುಂದಿನ ತಾಲ್ಲೂಕಿಗೆ ಹೋಗುವುದೇ ಮೋಡ. 2017ರಲ್ಲಿ ಸರ್ಕಾರ ವಿಮಾನದಿಂದ ಮೋಡ ಬಿತ್ತನೆ ಮಾಡಿಸಿದ್ದು ಎರಡನೆಯ ಮತಕ್ಕೆ ಪ್ರಬಲ ಸಾಕ್ಷ್ಯ.

ಮೋಡಗುಳೆಯ ವಿದ್ಯೆಗೆ ಗುರುವಿಲ್ಲ, ಆನ್‌ಲೈನ್ ಲ್ಯಾಬ್ ಉಂಟು. ವಿದ್ಯಾರ್ಥಿ ತನಗೆ ಬೇಕಾದಾಗ ಕೂರಬಹುದು. ಕೂತ ಮೇಲೆ ಏಳುವಂತಿಲ್ಲ. ‘ಸ್ಟಾರ್ಟ್’ ಒತ್ತಿದೊಡನೆ ನಾಲಿಗೆಗೆ ಒಗ್ಗದ ತಾತ್ಕಾಲಿಕ ಹೆಸರೂ ಪಾಸ್‌ವರ್ಡೂ ದೊರೆತು, ಗಡಿಯಾರ ಹಿಂದಕ್ಕೆ ಓಡತೊಡಗುತ್ತದೆ. ಪರದೆಯ ಎಡಗಡೆಯ ಆದೇಶವನ್ನು ನಕಲು ಮಾಡಿ ಬಲಗಡೆ ಅಂಟಿಸಬೇಕು. ಸರಿಯಾದರೆ ಹಸಿರು ಗುರುತು ಬೀಳುತ್ತದೆ. ಅವಧಿ ಮುಗಿದಾಗ ಸರ್ವರು, ಡೇಟಾಬೇಸು, ತಾತ್ಕಾಲಿಕ ಹೆಸರು ಎಲ್ಲವೂ ಅಳಿಯುತ್ತವೆ. ಇಲ್ಲಿ ಎರಡೂ ಮತಗಳು ಸಮನ್ವಯಗೊಳ್ಳುತ್ತವೆ. ನಡುವೆ ಕರೆಂಟ್ ಹೋದರೆ ಗಡಿಯಾರ ನಿಲ್ಲುವುದಿಲ್ಲ. ಆಲಮಟ್ಟಿ ಅಣೆಕಟ್ಟಿನ 290 ಮೆಗಾವ್ಯಾಟ್ ವಿದ್ಯುದಾಗಾರ ಪಕ್ಕದಲ್ಲೇ ಇದೆ ಎಂಬ ವಾದ ಶಾಸ್ತ್ರಕ್ಕೆ ಅಪ್ರಸ್ತುತ. ಒಂದೇ ಪಾಠವನ್ನು ನಾಲ್ಕು ಸಲ ಮುಗಿಸಿದವನನ್ನು ಪ್ರವೀಣ ಎನ್ನುತ್ತಾರೆ. ನಕಲು ಮಾಡುವುದರಲ್ಲಿ ಆತ ಪ್ರವೀಣನೇ.

ಸ್ಥಾವರ ಯಾವುದು, ಜಂಗಮ ಯಾವುದು ಎಂದು ಬಸವಣ್ಣ ಹುಟ್ಟಿದ ಊರಿಗೆ ಹೊಸದಾಗಿ ಹೇಳಬೇಕಿಲ್ಲ. ಜಂಗಮಕ್ಕೆ ತಿಂಗಳ ಬಿಲ್ ಬರುವುದಷ್ಟೇ ಈ ಕಾಲದ ಸೇರ್ಪಡೆ. ಲ್ಯಾಬಿನಲ್ಲಿ ಸಾಕಿಕೊಂಡ ಯಂತ್ರ ತಾನೇ ಸಾಯುತ್ತದೆ. ಸ್ವಂತ ಖಾತೆಯಲ್ಲಿ ಮರೆತುಬಿಟ್ಟದ್ದು ಮಾಲೀಕ ಮಲಗಿದ್ದಾಗಲೂ ಮೇಯುತ್ತದೆ.

ಗುಳೆಯ ಪ್ರಭೇದಗಳನ್ನು ಪಠ್ಯಗಳು ಇಂಗ್ಲಿಷಿನ ‘ಆರ್’ ಅಕ್ಷರದಿಂದ ಎಣಿಸುತ್ತವೆ: ರೀಹೋಸ್ಟ್, ರೀಫ್ಯಾಕ್ಟರ್, ರಿಟೇನ್, ರಿಟೈರ್ ಇತ್ಯಾದಿ. ಇವಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. ಆಲಮಟ್ಟಿ ಹಿನ್ನೀರು ಏರಿದಾಗ ಬಾಗಲಕೋಟೆಯ ತಗ್ಗಿನ ಪೇಟೆ ನವನಗರಕ್ಕೆ ಹೋಯಿತು, ಇದು ರೀಹೋಸ್ಟ್. ಕೂಡಲಸಂಗಮದ ಐಕ್ಯಮಂಟಪವನ್ನು ಕದಲಿಸದೆ, ಸುತ್ತ ಬಾವಿಯಂತೆ ಗೋಡೆ ಕಟ್ಟಿ, ನೀರಿನ ನಡುವೆಯೇ ಉಳಿಸಿಕೊಂಡರು, ಇದು ರಿಟೇನ್. ಮುಳುಗಿದ ಹೊಲಗಳು ರಿಟೈರ್. ಹೊಲ ಬಿಟ್ಟು ಬಂದವನು ಹೊಸ ಊರಲ್ಲಿ ಹೊಸ ಕಸುಬು ಕಲಿತದ್ದು ರೀಫ್ಯಾಕ್ಟರ್. ಇದೇ ಎಲ್ಲಕ್ಕಿಂತ ದುಬಾರಿ ಎಂದು ಪಠ್ಯಗಳೂ ಒಪ್ಪುತ್ತವೆ.

ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆ ಲ್ಯಾಬಿನಲ್ಲಿ ಹಸಿರು ಗುರುತು ಇನ್ನೂ ಬಿದ್ದಿಲ್ಲ.