ಕರಡಿಗೆ ಬಿದ್ದ ಪೆಟ್ಟು

ಮನುಷ್ಯ ಕರಡಿಯಾಗಿ ಪೆಟ್ಟು ತಿಂದು ಮತ್ತೆ ಮನುಷ್ಯನಾದರೆ ಆ ಪೆಟ್ಟು ಯಾರ ಲೆಕ್ಕಕ್ಕೆ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಈ ವ್ಯಾಜ್ಯ ಹಳೆಯದು, ಆವೃತ್ತಿಗೊಂದು ತೀರ್ಪು. 1978ರ ಪುಸ್ತಕದಲ್ಲಿ ಡ್ರೂಯಿಡ್ ಎಂಬ ಕಾಡುಪೂಜಾರಿ ಆಕಾರ ಬದಲಿಸಿದರೆ ಆಗಿದ್ದ ಗಾಯದಲ್ಲಿ ಶೇಕಡ 10ರಿಂದ 60ರಷ್ಟು ಮಾಯ. ಎಷ್ಟೆಂದು ದಾಳವನ್ನೇ ಕೇಳಬೇಕು. 2003ರ ಪರಿಷ್ಕರಣೆಯಲ್ಲಿ ಒಂದು ರಾತ್ರಿ ಮಲಗೆದ್ದಷ್ಟು ಚೇತರಿಕೆ. ಇವೆಲ್ಲದರ ಪೈಕಿ 2014ರ ಐದನೇ ಆವೃತ್ತಿಯ ತೀರ್ಪು ಅತಿ ಅನ್ಯಾಯದ್ದು ಎಂದು ಹೆಸರಾಯಿತು. ನನ್ನ ಮಟ್ಟಿಗೆ ಅದೇ ಸರಿ.

ಆ ನಿಯಮದಲ್ಲಿ ಕರಡಿಯಾದವನಿಗೆ ಕರಡಿಯದೇ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳಬಹುದೆಂಬ ಅಂಕ. ಅದು ಸೊನ್ನೆಗಿಳಿದರೆ ಡ್ರೂಯಿಡ್ ತನ್ನ ಹಳೆಯ ಅಂಕದೊಂದಿಗೆ ಹೊರಬರುತ್ತಾನೆ. ಕರಡಿಗೆ ತಾಳಲಾರದೆ ಮಿಕ್ಕಿದ್ದಷ್ಟೇ ಅವನ ಪಾಲು. ಎರಡನೇ ಹಂತದ ಡ್ರೂಯಿಡ್‌ಗೆ 17ರ ಆಸುಪಾಸು ಅಂಕ, ಕಂದು ಕರಡಿಗೆ 34. ಡ್ರೂಯಿಡ್‌ಗಳಲ್ಲೇ ಒಂದು ಬಣವಾದ ಚಂದ್ರ ಪಂಥದವನಾದರೆ ಒಂದು ವಿಶ್ರಾಂತಿಗೆ ಎರಡು ಸಲ ಕರಡಿಯಾಗಬಹುದು, ಅಂದರೆ 68 ಅಂಕ ಪುಕ್ಕಟೆ. ಪಕ್ಕದಲ್ಲಿ ಕಬ್ಬಿಣ ಹೊತ್ತು ನಿಂತ ಫೈಟರ್ ಎಂಬ ಯೋಧನಿಗೆ ಇರುವುದು ಇಪ್ಪತ್ತು ಚಿಲ್ಲರೆ. ಅವನ ಹೊಟ್ಟೆ ಉರಿಯದೇ ಇರುತ್ತದೆಯೇ? 2024ರ ಪುಸ್ತಕ ಅವನ ಅಳಲಿಗೆ ಕಿವಿಗೊಟ್ಟಿತು. ಈಗ ರೂಪ ಯಾವುದಾದರೂ ಡ್ರೂಯಿಡ್‌ಗೆ ತನ್ನದೇ ಅಂಕ. ಮೇಲೆ ಹಂತ ಎಷ್ಟೋ ಅಷ್ಟು ತಾತ್ಕಾಲಿಕ ಅಂಕ, ಚಂದ್ರ ಪಂಥಕ್ಕೆ ಅದರ ಮೂರರಷ್ಟು. ಲೆಕ್ಕ ನೆಟ್ಟಗಾಯಿತು, ಇಲಿ ಕೆಟ್ಟಿತು. ಹಳೆಯ ನಿಯಮದ ಇಲಿಗೆ ಒಂದೇ ಅಂಕ. ಬೆಕ್ಕಿನ ಒಂದು ಪಂಜದೇಟಿಗೆ ಉಗ್ರಾಣದ ಅಕ್ಕಿಮೂಟೆಗಳ ನಡುವೆ ಆರಡಿಯ ಗಡ್ಡಧಾರಿ ಎದ್ದು ನಿಲ್ಲುತ್ತಿದ್ದ (ಬೆಕ್ಕಿನ ಮನಃಸ್ಥಿತಿಗೆ ನಿಯಮವಿಲ್ಲ). ಈಗಿನ ಇಲಿ ಹತ್ತು ಏಟು ತಿಂದೂ ಮೀಸೆ ತಿರುವುತ್ತದೆ. ಇಲಿಯಾದವನಿಗೆ ಬೆಕ್ಕಿನ ಭಯವೇ ಇಲ್ಲವೆಂದರೆ ಅವನು ಇಲಿಯಾದದ್ದಾದರೂ ಏನು?

ಯುರೋಪಿನ ತೋಳಮಾನವರ ಕಥೆಗಳಲ್ಲಿ ರಾತ್ರಿ ತೋಳದ ಪಂಜ ಕಡಿದರೆ ಬೆಳಿಗ್ಗೆ ಊರಿನಲ್ಲಿ ಯಾರದೋ ಕೈ ಇರುವುದಿಲ್ಲವಲ್ಲ ಎಂದು ಕೇಳಬಹುದು. ಅಲ್ಲಿ ಗಾಯ ಇರುವುದು ಕಳ್ಳನನ್ನು ಹಿಡಿದುಕೊಡಲು. ಆಟದಲ್ಲಿ ಡ್ರೂಯಿಡ್ ಯಾರೆಂದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತು. ನಮ್ಮ ಮಾರೀಚನೂ 2014ರ ನಿಯಮಕ್ಕೆ ಹೊರತಲ್ಲ: ರಾಮಬಾಣ ಜಿಂಕೆಯ ಅಂಕ ಮುಗಿಸಿ, ಮಿಕ್ಕಿದ್ದರಲ್ಲಿ ರಾಕ್ಷಸನನ್ನೂ ಮುಗಿಸಿತು. ಇನ್ನು ಫೈಟರ್ ಮರೆತ ಒಂದು ಮಾತು. ಕವಚ, ಗುರಾಣಿ ಸೇರಿ ಅವನ ರಕ್ಷಣೆ 18, ಅಂದರೆ ದಾಳದ ಲೆಕ್ಕ ಅಷ್ಟು ಮುಟ್ಟಿದರೆ ಮಾತ್ರ ಏಟು ತಗಲುತ್ತದೆ. ಆ ಕರಡಿಯದು ಬರೀ 11. ದಾಳದಲ್ಲಿ 12 ಬಿದ್ದರೆ ಸಾಕು, ಅವನ ಗುರಾಣಿಗೆ ಠಣ್ಣೆಂದು ಬಡಿದು ಬೀಳುವ ಏಟು ಕರಡಿಯ ಮೈಗೆ ನೇರ ಇಳಿಯುತ್ತದೆ.